ಸಹಾಯ ಬೇಕು: ತಮ್ಮನ ಮಾತ್ರೆ ಚಟ, ಧಾರವಾಡದಲ್ಲಿ ತೋರಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ 24 ವರ್ಷ. ಬೈಕಿನಿಂದ ಬಿದ್ದಾಗ ನೋವಿಗೆ ಅಂತ ಟಪೆಂಟಡಾಲ್ ಮಾತ್ರೆ ಬರೆದುಕೊಟ್ಟಿದ್ದರು, ನೋವು ಹೋಯಿತು, ಮಾತ್ರೆ ಬಿಡಲು ಆಗುತ್ತಿಲ್ಲ. ಒಂದು ದಿನ ತಪ್ಪಿದರೂ ಮೈಕೈ ನೋವು, ಮೂಗು ಸೋರುವುದು, ಭೇದಿ, ರಾತ್ರಿಯಿಡೀ ನಿದ್ದೆ ಇಲ್ಲ. ಅಪ್ಪ ಇದನ್ನು ಸೊಕ್ಕು ಅನ್ನುತ್ತಾರೆ. ಇದು ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕ) ಗುಂಪಿನ ಔಷಧಿ, ಮೈ ಅದಕ್ಕೆ ಒಗ್ಗಿಹೋಗಿದೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರ ನೋಡಿ ಬಂದೆವು. ತಿಂಗಳುಗಟ್ಟಲೆ ಒಳಗೇ ಇರಬೇಕು, ಫೋನ್ ಇಲ್ಲ, ಮನೆಯವರೂ ಬರಬಾರದು ಅಂದರು, ಮನೋವೈದ್ಯರು ಯಾರು ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಅಂಥ ಕಡೆ ಹೇಗೆ ಬಿಡುವುದು, ಅಲ್ವಾ?

ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾತಾಡಿದ್ದೇನೆ. ನಿಮ್ಹಾನ್ಸ್ ನಮಗೆ ದೂರ, ಹಾಗಾಗಿ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂತಿದ್ದೇವೆ. ಮನೆಯವರನ್ನು ಅಲ್ಲಿ ತೋರಿಸಿದವರು ಹೇಳಿ: ಅಡ್ಮಿಟ್ ಮಾಡಿಕೊಂಡರಾ, ಓಪಿಡಿಯಲ್ಲೇ ನೋಡಿದರಾ? ಇಂಥ ಚಟ ಬಿಡಿಸಲು ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟಿದ್ದರೆ ಎಷ್ಟು ದಿನ? ಅದೂ ಇನ್ನೊಂದು ಚಟ ಅಂತ ಹೆದರಿಸುವವರು ದಯವಿಟ್ಟು ಸುಮ್ಮನಿರಿ. ಅವನಾಗಿಯೇ ಬರುತ್ತೇನೆ ಅಂದಿದ್ದಾನೆ, ಮನಸ್ಸು ಬದಲಾಗುವ ಮೊದಲು ಕರೆದುಕೊಂಡು ಹೋಗಬೇಕು. ಇಲ್ಲಿ ಬರೆಯಲು ಮುಜುಗರ ಆದರೆ ಇನ್‌ಬಾಕ್ಸ್ ಮಾಡಿ.