ಅಡಿಕೆ ದುಡ್ಡನ್ನು ಸಣ್ಣ ಬಯೋಟೆಕ್ ಕಂಪನಿಗೆ ಹಾಕಬಹುದಾ?

ತೀರ್ಥಹಳ್ಳಿ ತೋಟ: ರಾಶಿ ಅಡಿಕೆ ಕೊಟ್ಟ ದುಡ್ಡಲ್ಲಿ ಎರಡು ಲಕ್ಷ ಉಳಿದಿದೆ. ಅಮೆರಿಕದ ಒಂದು ಪುಟ್ಟ ಬಯೋಟೆಕ್ ಕಂಪನಿಯ ಷೇರು ತಗೋ ಅಂತ ಭಾವ ಹೇಳುತ್ತಿದ್ದಾರೆ. ಕ್ಯಾನ್ಸರ್ ಔಷಧಿಯಂತೆ, ಮನುಷ್ಯರ ಮೇಲೆ ಎರಡನೇ ಹಂತದ ಪರೀಕ್ಷೆ (ಟ್ರಯಲ್) ನಡೆಯುತ್ತಿದೆಯಂತೆ. ಏನಂತೀರಿ?

ಸಾಗರದವ: ಧೈರ್ಯ ಮಾಡಿ. 2011ರಲ್ಲಿ ಫಾರ್ಮಾಸೆಟ್ ಅನ್ನೋ ಕಂಪನಿಯನ್ನು ಅಮೆರಿಕದ ದೊಡ್ಡ ಔಷಧಿ ಕಂಪನಿ ಗಿಲಿಯಾಡ್ ಸುಮಾರು 1,100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆಗಿನ ಷೇರು ಬೆಲೆಗಿಂತ ಶೇ. 89 ಜಾಸ್ತಿ! ಅದರ ಹೆಪಟೈಟಿಸ್ ಸಿ ಔಷಧಿ ಆಗಿನ್ನೂ ಮಾರಾಟಕ್ಕೇ ಬಂದಿರಲಿಲ್ಲ.

ಲ್ಯಾಬ್ ಕೋಟು: ಗೆದ್ದ ಕಂಪನಿಯ ಹೆಸರು ಎಲ್ಲರಿಗೂ ಗೊತ್ತಿರುತ್ತದೆ ಮಾರಾಯ್ರೇ. ಮನುಷ್ಯರ ಮೇಲೆ ಪರೀಕ್ಷೆಗೆ ಇಳಿದ ಹತ್ತು ಔಷಧಿಗಳಲ್ಲಿ ಅನುಮತಿ ಸಿಗುವುದು ಹೆಚ್ಚುಕಡಿಮೆ ಒಂದಕ್ಕೆ. ಕ್ಯಾನ್ಸರಿನಲ್ಲಿ ಇನ್ನೂ ಕಡಿಮೆ. ಜಾಸ್ತಿ ಬೀಳುವುದು ಈ ಎರಡನೇ ಹಂತದಲ್ಲೇ. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಔಷಧಿಯಿಂದ ಅಪಾಯ ಇದೆಯಾ ಅಂತ. ರೋಗಕ್ಕೆ ನಾಟುತ್ತದಾ ಅನ್ನೋದು ಆಮೇಲೆ. ತೋಟಕ್ಕೆ ಕೊಳೆ ಬಂದರೆ ಆ ವರ್ಷದ ಫಸಲು ಹೋಗುತ್ತದೆ, ಮರ ಉಳಿಯುತ್ತದೆ. ಒಂದೇ ಔಷಧಿ ನಂಬಿದ ಕಂಪನಿಗೆ ಆ ಮರವೂ ಇಲ್ಲ.

ಇನ್ನೊಂದು, ಅದಕ್ಕೆ ಆದಾಯವೇ ಇರುವುದಿಲ್ಲ. ದುಡ್ಡು ಮುಗಿದಾಗಲೆಲ್ಲ ಹೊಸ ಷೇರು ಹೊರಡಿಸಿ ಮಾರುತ್ತದೆ. ಔಷಧಿ ಗೆದ್ದರೂ ಅಷ್ಟು ಹೊತ್ತಿಗೆ ನಿಮ್ಮ ಪಾಲು ತೆಳ್ಳಗಾಗಿರುತ್ತದೆ.

ಸಾಗರದವ: ಹಾಗಂದರೆ ಬಯೋಕಾನ್ ಬೆಳೆದದ್ದು ಹೇಗೆ?

ಲ್ಯಾಬ್ ಕೋಟು: 1978ರಲ್ಲಿ ಶುರುವಾದಾಗ ಅವರು ಮಾಡುತ್ತಿದ್ದದ್ದು ಕಿಣ್ವ (ಎಂಜೈಮ್). ಮಾರಿ ದುಡ್ಡು ಎಣಿಸುವ ವ್ಯಾಪಾರ. ಜನರಿಗೆ ಷೇರು ಕೊಟ್ಟದ್ದು 2004ರಲ್ಲಿ, ಲಾಭ ಬರುತ್ತಿದ್ದಾಗ. ಭಾವ ಹೇಳುವ ಕಂಪನಿಗೂ ಇದಕ್ಕೂ ಹೋಲಿಕೆ ಇಲ್ಲ.

ಸೊರಬ: ಔಷಧಿ ಗೆದ್ದರೂ ಕೊಳ್ಳುವವರು ಬೇಕಲ್ಲ? ಮಂಗನ ಕಾಯಿಲೆ ನಮ್ಮ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು 1957ರಲ್ಲಿ. ಒಳ್ಳೆ ಲಸಿಕೆ ಕೊಡಿ ಅಂತ ಇವತ್ತಿಗೂ ಕೇಳುತ್ತಲೇ ಇದ್ದೇವೆ. ಕಾಡಂಚಿನ ಜನಕ್ಕೆ ಮಾತ್ರ ಬೇಕಾದ ಲಸಿಕೆ. ಸರ್ಕಾರವೇ ಕೊಂಡು ಹಂಚಬೇಕು. ಷೇರುದಾರರಿಗೆ ಅದರಲ್ಲಿ ಏನು ಸಿಗುತ್ತದೆ? ಹಾಗಾಗಿ ಖಾಸಗಿಯವರು ಮುನ್ನುಗ್ಗುವುದಿಲ್ಲ. ನನಗಂತೂ ಇದು ಸಿಟ್ಟು ಬರಿಸುವ ವಿಷಯ.

ಸಾಗರದವ: ಕೊರೊನಾ ಲಸಿಕೆ ಮಾಡಿದ ಮಾಡರ್ನಾಗೆ ಲಾಭ ಸಿಕ್ಕಿತಲ್ಲ?

ಸೊರಬ: ಸಿಕ್ಕಿತು, ಇಡೀ ಜಗತ್ತಿಗೇ ಲಸಿಕೆ ಬೇಕಾಗಿತ್ತು. 2018ರಲ್ಲಿ 23 ಡಾಲರಿಗೆ ಬಂದ ಷೇರು 2021ರಲ್ಲಿ 480 ದಾಟಿತು. ಆ ಎತ್ತರದಲ್ಲಿ ಕೊಂಡವರನ್ನು ಈಗ ಮಾತಾಡಿಸಿ ನೋಡಿ.

ತೀರ್ಥಹಳ್ಳಿ ತೋಟ: ಹಾಗಾದರೆ ಭಾವನ ಹತ್ತಿರ ಏನು ಕೇಳಲಿ?

ಲ್ಯಾಬ್ ಕೋಟು: ಕೈಯಲ್ಲಿ ಎಷ್ಟು ನಗದಿದೆ, ಮೂರು ತಿಂಗಳಿಗೆ ಎಷ್ಟು ಖರ್ಚು? ಟ್ರಯಲ್ ಫಲಿತಾಂಶ ಬರುವವರೆಗೆ ಸಾಕಾಗುತ್ತದಾ? ಬೇರೆ ಔಷಧಿ ಏನಾದರೂ ಇದೆಯಾ? ಅಲ್ಲಿನ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ ಆದ್ದರಿಂದ ಲೆಕ್ಕ ಬಹಿರಂಗವಾಗಿಯೇ ಸಿಗುತ್ತದೆ.

ಸಾಗರದವ: ಹತ್ತು ಸಾವಿರ ಹಾಕಿ ಮರೆತುಬಿಡಲಿ. ಅದೂ ಬೇಡವಾ?

ಲ್ಯಾಬ್ ಕೋಟು: ಅದಕ್ಕೆ ನನ್ನ ತಕರಾರಿಲ್ಲ. ಎರಡು ಲಕ್ಷಕ್ಕೆ ಇದೆ.

ತೀರ್ಥಹಳ್ಳಿ ತೋಟ: ಭಾವನಿಗೆ ಫೋನ್ ಮಾಡಿದೆ. ಖರ್ಚಿನ ಲೆಕ್ಕ ನೋಡಿಲ್ಲವಂತೆ, ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದದ್ದಂತೆ.