ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆಗುವ ದಾರಿ ಹೇಗಿರುತ್ತೆ? ಶಿವಮೊಗ್ಗದಲ್ಲೇ ಕೂತು ಏನೇನು ಕಲಿಯಬಹುದು?

ತುಂಗೆದಡ:
ಶಿವಮೊಗ್ಗದಲ್ಲಿ ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಆರನೇ ಸೆಮಿಸ್ಟರ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡವೊಂದರ ಆಫೀಸಿಗೆ ಸೇರಿ, ಮುಂದೆ ಜನರಲ್ ಮ್ಯಾನೇಜರ್ ಮಟ್ಟಕ್ಕೆ ಹೋಗುವ ದಾರಿ ಯಾವುದು? ಆಟ ಆಡಿದವರಿಗೆ ಮಾತ್ರ ಸಿಗುವ ಕೆಲಸವಾ? ಜಿಎಂ ದಿನಾ ಮಾಡೋದು ನಿಜಕ್ಕೂ ಏನು? ಕ್ರಿಕೆಟ್ ಅಂಕಿಅಂಶ ಚೆನ್ನಾಗಿ ಗೊತ್ತು, ಬೇಸ್‌ಬಾಲ್ ಅರ್ಧಂಬರ್ಧ.

ಕೊಡಚಾದ್ರಿಮೋಡ:
ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಬೇಸ್‌ಬಾಲ್‌ನಲ್ಲಿ ‘ಮ್ಯಾನೇಜರ್’ ಅಂದ್ರೆ ಯೂನಿಫಾರ್ಮ್ ಹಾಕ್ಕೊಂಡು ಡಗೌಟ್‌ನಲ್ಲಿ ಕೂತು, ಇವತ್ತು ಯಾರು ಆಡಬೇಕು, ಪಿಚರ್‌ನ (ಚೆಂಡು ಎಸೆಯುವವನನ್ನು) ಯಾವಾಗ ಬದಲಾಯಿಸಬೇಕು ಅಂತ ತೀರ್ಮಾನ ಮಾಡುವವರು. ‘ಜನರಲ್ ಮ್ಯಾನೇಜರ್’ ಆಫೀಸಿನವರು. ಆ ಮ್ಯಾನೇಜರ್ ಕೈಗೆ ಯಾವ ಆಟಗಾರರನ್ನು, ಎಷ್ಟು ದುಡ್ಡಿಗೆ, ಎಷ್ಟು ವರ್ಷಕ್ಕೆ ತಂದುಕೊಡಬೇಕು ಅನ್ನೋದು ಇವರ ಹೊಣೆ. ಈಗ ಎಷ್ಟೋ ತಂಡಗಳಲ್ಲಿ ಜಿಎಂ ಮೇಲೆ ‘ಪ್ರೆಸಿಡೆಂಟ್ ಆಫ್ ಬೇಸ್‌ಬಾಲ್ ಆಪರೇಷನ್ಸ್’ ಅಂತ ಇನ್ನೊಂದು ಹುದ್ದೆ ಇರುತ್ತೆ, ಕೊನೆಯ ಮಾತು ಅವರದ್ದು.

ಆಡಿದವರಿಗೆ ಮಾತ್ರ ಅನ್ನೋದು ಹಳೇ ಮಾತು. ಬಿಲ್ಲಿ ಬೀನ್ ಆಡಿದವರೇ. 1990ರಲ್ಲಿ ಆಟ ಬಿಟ್ಟು ಓಕ್ಲೆಂಡ್ ತಂಡದಲ್ಲಿ ಸ್ಕೌಟ್ (ಆಟಗಾರರನ್ನು ನೋಡಿ ವರದಿ ಕೊಡುವವರು) ಆದರು, 1997ರಲ್ಲಿ ಜಿಎಂ. ಥಿಯೋ ಎಪ್ಸ್ಟೀನ್ ಬಾಲ್ಟಿಮೋರ್‌ನಲ್ಲಿ ಇಂಟರ್ನ್ ಆಗಿದ್ದವರು, ಸ್ಯಾನ್ ಡಿಯೇಗೋ ತಂಡದಲ್ಲಿ ಕೆಲಸ ಮಾಡುತ್ತಲೇ ಕಾನೂನು ಓದಿ, 2002ರಲ್ಲಿ 28ನೇ ವಯಸ್ಸಿಗೆ ಬಾಸ್ಟನ್ ಜಿಎಂ ಆದರು. ಫರ್ಹಾನ್ ಜೈದಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ಪಾಕಿಸ್ತಾನಿ ಮೂಲದ ಕುಟುಂಬ, 2005ರಲ್ಲಿ ಓಕ್ಲೆಂಡ್‌ನಲ್ಲಿ ಅನಲಿಸ್ಟ್, 2014ರಲ್ಲಿ ಡಾಡ್ಜರ್ಸ್ ಜಿಎಂ.

ಆದರೆ ನೀವು ಕಣ್ಣಮುಂದೆ ಇಟ್ಟುಕೊಳ್ಳಬೇಕಾದ್ದು ಕಿಮ್ ಆಂಗ್ ಅವರ ದಾರಿ ಅಂತ ನನ್ನ ಅಭಿಪ್ರಾಯ. 1990ರಲ್ಲಿ ಚಿಕಾಗೋ ವೈಟ್ ಸಾಕ್ಸ್‌ನಲ್ಲಿ ಇಂಟರ್ನ್, 1998ರಲ್ಲಿ ಯಾಂಕೀಸ್‌ನಲ್ಲಿ ಅಸಿಸ್ಟೆಂಟ್ ಜಿಎಂ, 2020ರಲ್ಲಿ ಮಯಾಮಿಯಲ್ಲಿ ಜಿಎಂ. ಮೇಜರ್ ಲೀಗ್‌ನ ಮೊದಲ ಮಹಿಳಾ ಜಿಎಂ. ಮೂವತ್ತು ವರ್ಷ! 28ಕ್ಕೇ ಆದವರನ್ನು ನೋಡಿ ಲೆಕ್ಕ ಹಾಕಬೇಡಿ. ಇಂಟರ್ನ್, ಅಸಿಸ್ಟೆಂಟ್, ಕೋಆರ್ಡಿನೇಟರ್, ಡೈರೆಕ್ಟರ್, ಅಸಿಸ್ಟೆಂಟ್ ಜಿಎಂ: ಒಂದೊಂದು ಮೆಟ್ಟಿಲಿಗೂ ವರ್ಷಗಟ್ಟಲೆ ಹಿಡಿಯುತ್ತೆ. ತಂಡ ಇರೋದೇ 30, ಜಿಎಂ ಕುರ್ಚಿಯೂ ಅಷ್ಟೇ.

ಚೇಣಿಲೆಕ್ಕ:
ದಿನಾ ಮಾಡೋ ಕೆಲಸ ಏನು ಅನ್ನೋದಕ್ಕೆ ಉತ್ತರ: ಪಟ್ಟಿ ಕಾಯೋದು. ನಮ್ಮ ಕಡೆ ಚೇಣಿ ಹಿಡಿಯುವವರು ಅಡಿಕೆ ಕೊನೆ ಹಸಿ ಇರುವಾಗಲೇ ತೋಟ ಸುತ್ತಿ, ಇಷ್ಟು ಕ್ವಿಂಟಾಲ್ ಬರಬಹುದು ಅಂತ ಅಂದಾಜು ಕಟ್ಟಿ ಮಾತು ಮುಗಿಸ್ತಾರಲ್ಲ, ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಹಾಗೆಯೇ. ಜುಲೈನಲ್ಲಿ 20 ಸುತ್ತು, ಹೈಸ್ಕೂಲ್ ಮತ್ತು ಕಾಲೇಜಿನ ಹುಡುಗರು. ತೋಟಕ್ಕೆ ಕೊಳೆ ಬಂದಂಗೆ ಪಿಚರ್‌ನ ಮೊಣಕೈ ಲಿಗಮೆಂಟ್ ಹರಿದರೆ ಆಪರೇಷನ್ ಆಗಿ ವಾಪಸ್ ಬರಲು ವರ್ಷಕ್ಕೂ ಮೇಲೆ.

ಹುಡುಗನ್ನ ತಂದ ಮೇಲೆ ಶುರು ನಿಜವಾದ ಲೆಕ್ಕ. ಪಂದ್ಯಕ್ಕೆ ಇಳಿಯಬಹುದಾದ ಪಟ್ಟಿಯಲ್ಲಿ 26 ಜನ, ಅದರ ಹಿಂದೆ 40 ಜನರ ದೊಡ್ಡ ಪಟ್ಟಿ. ನಲವತ್ತರಲ್ಲಿ ಇರುವವನನ್ನು ಮೈನರ್ ಲೀಗ್‌ಗೆ (ಕೆಳಹಂತದ ತಂಡಗಳಿಗೆ) ಕಳಿಸಲು ‘ಆಪ್ಷನ್’ ಬೇಕು. ಒಬ್ಬನಿಗೆ ಸಾಮಾನ್ಯವಾಗಿ ಮೂರು ವರ್ಷದ ಆಪ್ಷನ್. ಒಂದು ಸೀಸನ್‌ನಲ್ಲಿ 20 ದಿನ ಅಥವಾ ಜಾಸ್ತಿ ಕೆಳಗಿದ್ದರೆ ಒಂದು ಆಪ್ಷನ್ ಖರ್ಚಾದಂತೆ. ಮೂರೂ ಮುಗಿದ ಮೇಲೆ ಅವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ‘ವೇವರ್’ಗೆ ಇಡಬೇಕು, ಆಗ ಬೇರೆ ಯಾವ ತಂಡ ಬೇಕಾದರೂ ಎತ್ತಿಕೊಂಡು ಹೋಗಬಹುದು. ಮಾರ್ಚ್ ಕೊನೆಯ ವಾರದಲ್ಲಿ ತಂಡಗಳು ಒದ್ದಾಡೋದು ಇಲ್ಲೇ: 26ರಲ್ಲಿ ಜಾಗ ಇಲ್ಲ, ಆಪ್ಷನ್ ಇಲ್ಲ, ಹುಡುಗ ಕೈತಪ್ಪಿ ಹೋಗ್ತಾನೆ.

ಇನ್ನೊಂದು ಕಡೆ ಹೊಸಬರು ಎಡವುತ್ತಾರೆ. ಗಾಯಾಳುಗಳ 60 ದಿನದ ಪಟ್ಟಿಗೆ ಹಾಕಿದರೆ ಅವನು 40ರ ಲೆಕ್ಕಕ್ಕೆ ಬರಲ್ಲ, ಜಾಗ ಖಾಲಿಯಾಗುತ್ತೆ. ಆದರೆ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್) ಮುಗಿದು ಐದು ದಿನಕ್ಕೆ ಅವರೆಲ್ಲ ವಾಪಸ್ 40ರೊಳಗೆ ಬರಬೇಕು. ಆಗಸ್ಟ್‌ನಲ್ಲಿ ಆರಾಮಾಗಿ ಕಂಡ ಪಟ್ಟಿ ನವೆಂಬರ್‌ನಲ್ಲಿ ತುಂಬಿ ಹೊರಗೆ ಚೆಲ್ಲುತ್ತೆ. ಅದೇ ತಿಂಗಳ ಮಧ್ಯದಲ್ಲಿ ‘ರೂಲ್ 5 ಡ್ರಾಫ್ಟ್’ನ ಗಡುವು. 18 ಅಥವಾ ಅದಕ್ಕೂ ಕಮ್ಮಿ ವಯಸ್ಸಿಗೆ ಸಹಿ ಹಾಕಿದವರನ್ನು ಐದು ಸೀಸನ್ ಒಳಗೆ, 19 ಅಥವಾ ಅದಕ್ಕೂ ಜಾಸ್ತಿ ವಯಸ್ಸಿಗೆ ಸಹಿ ಹಾಕಿದವರನ್ನು ನಾಲ್ಕು ಸೀಸನ್ ಒಳಗೆ 40ಕ್ಕೆ ಸೇರಿಸದಿದ್ದರೆ ಡಿಸೆಂಬರ್‌ನಲ್ಲಿ ಬೇರೆ ತಂಡ 1,00,000 ಡಾಲರ್ ಕೊಟ್ಟು ತಗೋಬಹುದು. ತಗೊಂಡವರು ಅವನನ್ನು ಇಡೀ ಸೀಸನ್ 26ರಲ್ಲೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ವೇವರ್ ದಾಟಿಸಿ, ಅರ್ಧ ದುಡ್ಡಿಗೆ ಹಳೇ ತಂಡಕ್ಕೇ ವಾಪಸ್ ಕೊಡಲು ಒಪ್ಪಬೇಕು.

ತುಂಗೆದಡ:
ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಥ್ಯಾಂಕ್ಸ್. ಆಟಗಾರ ಒಂದು ತಂಡದ ಕೈಯಲ್ಲಿ ಎಷ್ಟು ವರ್ಷ ಇರ್ತಾನೆ?

ಚೇಣಿಲೆಕ್ಕ:
ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬಿದರೆ ಫ್ರೀ ಏಜೆಂಟ್, ಅಂದ್ರೆ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, ಆಮೇಲೆ ಆರ್ಬಿಟ್ರೇಷನ್: ತಂಡ ಒಂದು ಅಂಕಿ, ಆಟಗಾರ ಒಂದು ಅಂಕಿ ಕೊಡ್ತಾರೆ. ವಿಚಾರಣೆಗೆ ಹೋದರೆ ಮೂವರ ಪೀಠ ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನ ಅಂಕಿ ಹೇಳುವ ಹಾಗಿಲ್ಲ. ಆ ಕಡತ ತಯಾರು ಮಾಡೋದು ಕೆಳಗಿನ ಹುದ್ದೆಯವರ ಚಳಿಗಾಲದ ಕೆಲಸ, ಕಾನೂನು ಓದಿದವರಿಗೆ ಒಳಬಾಗಿಲೂ ಹೌದು.

172ರ ತೂಕ ಗೊತ್ತಾಗಬೇಕಾದರೆ ಕ್ರಿಸ್ ಬ್ರಯಂಟ್ ವಿಷಯ ನೋಡಿ. 2015ರಲ್ಲಿ ಚಿಕಾಗೋ ಕಬ್ಸ್ ಅವರನ್ನು ಏಪ್ರಿಲ್ 17ಕ್ಕೆ ಮೇಲೆ ಕರೆಸಿತು. ಸೀಸನ್ ಮುಗಿದಾಗ ಸೇವೆ 171 ದಿನ! ಒಂದೇ ಒಂದು ದಿನ ಕಮ್ಮಿಯಾಗಿ ತಂಡಕ್ಕೆ ಅವರ ಮೇಲೆ ಇಡೀ ಒಂದು ವರ್ಷ ಜಾಸ್ತಿ ಹಕ್ಕು ಸಿಕ್ಕಿತು. ಬ್ರಯಂಟ್ ದೂರು ಕೊಟ್ಟರು, 2020ರಲ್ಲಿ ಅದು ಬಿದ್ದುಹೋಯಿತು. ನಿಯಮದೊಳಗೇ ನಡೆದದ್ದಾದರೂ ಇದು ಆಟಗಾರನಿಗೆ ಆದ ಅನ್ಯಾಯ ಅಂತಲೇ ನಾನು ಹೇಳೋದು. 2022ರ ಒಪ್ಪಂದದಲ್ಲಿ, ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಸೇವೆ ಕೊಡಲು ಒಪ್ಪಿದ್ದು ಇಂಥದ್ದನ್ನು ತಡೆಯೋಕೇ.

ಹಸಿಅಡಿಕೆ:
ಇಲ್ಲಿಂದ ಏನು ಮಾಡಬಹುದು ಅನ್ನೋದು ನಾನು ಹೇಳ್ತೀನಿ. ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಪೈಥಾನ್ ಇಲ್ಲವೇ ಆರ್. ಡೇಟಾ ಎಲ್ಲ ಪುಕ್ಕಟೆ: ಲಾಮನ್ ಡೇಟಾಬೇಸ್, ರೆಟ್ರೋಶೀಟ್, ಬೇಸ್‌ಬಾಲ್ ಸವಾಂಟ್. ಲಾಮನ್‌ನಲ್ಲಿ ಸೀಸನ್ ನಡುವೆ ತಂಡ ಬದಲಾಯಿಸಿದವನಿಗೆ ಎರಡು ಸಾಲು ಇರುತ್ತೆ. ‘ಸ್ಟಿಂಟ್’ ಕಾಲಂ ನೋಡಿ ಕೂಡಿಸದಿದ್ದರೆ ಒಬ್ಬನೇ ಇಬ್ಬರಾಗಿ ಲೆಕ್ಕ ಕೆಡುತ್ತೆ. ಸವಾಂಟ್‌ನಲ್ಲಿ ಒಂದೇ ಸಲ ಇಡೀ ಸೀಸನ್ ಕೇಳಿದರೆ ಸಾಲುಗಳು ಅರ್ಧಕ್ಕೇ ನಿಲ್ಲುತ್ತವೆ. ದಿನದ ಲೆಕ್ಕದಲ್ಲಿ ಇಳಿಸಿ ಜೋಡಿಸಿ. 2020ರಲ್ಲಿ ತಂಡಕ್ಕೆ 60 ಪಂದ್ಯವಷ್ಟೇ, 162 ಪಂದ್ಯದ ವರ್ಷಗಳ ಮೊತ್ತದ ಪಕ್ಕ ಇಡಬೇಡಿ. ಡೆನ್ವರ್ ಮೈದಾನ ಸಮುದ್ರಮಟ್ಟಕ್ಕಿಂತ ಸುಮಾರು 1,600 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡು ದೂರ ಹೋಗುತ್ತೆ, ಹಾಗಾಗಿ ಅಲ್ಲಿನ ರನ್‌ಗಳನ್ನು ಹೊಂದಿಸದೆ ಬ್ಯಾಟರ್‌ಗೆ ಬೆಲೆ ಕಟ್ಟಬಾರದು.

ಕ್ರಿಕೆಟ್‌ನವರು ಸರಾಸರಿಗೇ ಅಂಟಿಕೊಳ್ತಾರೆ. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ‘ವಾಕ್’ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್ ಹೊಡೆಯದೇ ಮೊದಲ ಬೇಸ್‌ಗೆ ಹೋಗೋದು) ಲೆಕ್ಕಕ್ಕೆ ಹಿಡಿಯಲ್ಲ, ಆನ್-ಬೇಸ್ ಪರ್ಸೆಂಟೇಜ್ (ಎಷ್ಟು ಸಲ ಔಟಾಗದೆ ಬೇಸ್ ತಲುಪಿದ ಅನ್ನೋ ಪ್ರಮಾಣ) ಹಿಡಿಯುತ್ತೆ. ಬಿಲ್ಲಿ ಬೀನ್ ಕಾಲದಲ್ಲಿ ಓಕ್ಲೆಂಡ್ ಕಮ್ಮಿ ದುಡ್ಡಲ್ಲಿ ತಂಡ ಕಟ್ಟಿದ್ದು ಆ ವ್ಯತ್ಯಾಸದ ಮೇಲೆ.

ಸ್ಪ್ಯಾನಿಷ್ ಈಗಲೇ ಶುರು ಮಾಡಿ ಮಾರಾಯ್ರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹುಡುಗರೇ ತುಂಬಿರುವ ಕೆಲಸದಲ್ಲಿ ಅದು ಬಂದರೆ ನಿಮಗೊಂದು ಬಾಗಿಲು ಜಾಸ್ತಿ.

ವೀಸಾ ವಿಷಯ ಮರೆಯಬೇಡಿ. ಅಮೆರಿಕದಲ್ಲಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ವಿಷಯದಲ್ಲಿ ಎಂಎಸ್ ಮಾಡಿದರೆ 12 ಮತ್ತು 24, ಒಟ್ಟು 36 ತಿಂಗಳು ಕೆಲಸಕ್ಕೆ ಅವಕಾಶ, ಆಮೇಲೆ ಎಚ್-1ಬಿ (ಕೆಲಸದ ವೀಸಾ) ಲಾಟರಿ. ಇಂಟರ್ನ್ ಹುದ್ದೆಗೆ ಸಂಬಳ ಕಮ್ಮಿ, ಸಾಲ ಮಾಡಿ ಓದುವವರು ಅದನ್ನು ಮೊದಲೇ ಲೆಕ್ಕ ಹಾಕಬೇಕು. ವೀಸಾಗೆ ತಂಡದವರು ಸ್ಪಾನ್ಸರ್ ಮಾಡ್ತಾರಾ ಅಂತ ಮೊದಲ ಮಾತುಕತೆಯಲ್ಲೇ ಕೇಳಿ.

ತುಂಗೆದಡ:
ಮೊದಲ ಪ್ರಾಜೆಕ್ಟ್ ಯಾವುದು ಮಾಡಲಿ?

ಕೊಡಚಾದ್ರಿಮೋಡ:
ಒಂದೇ ತಂಡ ಹಿಡಿಯಿರಿ. ಅದರ 40 ಜನರ ಹೆಸರು, ಉಳಿದ ಆಪ್ಷನ್, ಸೇವೆಯ ವರ್ಷ-ದಿನ, ಒಪ್ಪಂದ ಮುಗಿಯುವ ವರ್ಷ ಒಂದು ಶೀಟಲ್ಲಿ ಬರೆಯಿರಿ. ಪೂರ್ವ ಕರಾವಳಿಯಲ್ಲಿ ಸಂಜೆ 7:05ಕ್ಕೆ ಶುರುವಾಗುವ ಪಂದ್ಯ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 4:35, ನೋಡಿದರೆ ಒಳ್ಳೇದೇ. ನೋಡದಿದ್ದರೂ ಅವತ್ತಿನ ಟ್ರಾನ್ಸಾಕ್ಷನ್ (ಆಟಗಾರರ ಅದಲುಬದಲು) ಪಟ್ಟಿ ಓದಿ, ಯಾರನ್ನು ಯಾಕೆ ಕೆಳಗೆ ಕಳಿಸಿದರು ಅಂತ ಎರಡು ಸಾಲು ಬರೆದಿಡಿ. ನವೆಂಬರ್ ಗಡುವಿಗೆ ಮುಂಚೆ ನೀವಾಗಿದ್ದರೆ ಯಾರನ್ನು ಉಳಿಸಿಕೊಳ್ತಿದ್ದಿರಿ ಅಂತ ಕಾರಣ ಸಮೇತ ಪ್ರಕಟಿಸಿ. ಸೀಸನ್ ಮುಗಿದ ಮೇಲೆ ತಂಡಗಳ ಸೈಟಿನಲ್ಲಿ ಇಂಟರ್ನ್‌ಶಿಪ್ ಜಾಹೀರಾತು ಬರುತ್ತವೆ, ಅರ್ಜಿಗೆ ಆ ಕೊಂಡಿಯನ್ನೇ ಹಚ್ಚಿ.