ನೀರಿನ ಮೀಟರ್ ರೀಡಿಂಗ್ ಇಡೋಕೆ ಎಸ್‌ಕ್ಯೂಲೈಟೋ, ಎಲ್‌ಎಂಡಿಬಿಯೋ?

ಮುಳಾಮುಠಾ:
ಪುಣೆ, ಕೋಥ್ರೂಡ್‌ನ ಒಂದು ಸೊಸೈಟಿ. 60 ನೀರಿನ ಮೀಟರ್, 10 ಸೆಕೆಂಡಿಗೊಂದು ರೀಡಿಂಗ್, ದಿನಕ್ಕೆ 5,18,400 ಸಾಲು. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಎಸ್‌ಡಿ ಕಾರ್ಡ್, ಪೈಥಾನ್. ಬರೆಯೋ ಪ್ರೊಸೆಸ್ ಒಂದು, ಗ್ರಾಫ್ ತೋರಿಸೋ ವೆಬ್ ಪ್ರೊಸೆಸ್ ಇನ್ನೊಂದು. ಗುರುವಾರ ಕರೆಂಟ್ ತೆಗೀತಾರೆ, ಯುಪಿಎಸ್ ಇಲ್ಲ. ಎಸ್‌ಕ್ಯೂಲೈಟ್, ಎಲ್‌ಎಂಡಿಬಿ, ಲೆವೆಲ್‌ಡಿಬಿ ಈ ಡೇಟಾಬೇಸ್‌ಗಳಲ್ಲಿ ಯಾವುದು ಹಿಡೀಲಿ?

ಬೈಟುಕಾಫಿ:
ಲೆವೆಲ್‌ಡಿಬಿ ಬಿಡಿ. ಅದನ್ನ ಒಂದು ಸಲಕ್ಕೆ ಒಂದೇ ಪ್ರೊಸೆಸ್ ತೆರೆಯಬಹುದು, ನಿಮ್ಮ ಗ್ರಾಫ್ ಬಾಗಿಲಲ್ಲೇ ನಿಲ್ಲುತ್ತೆ. ಎಲ್‌ಎಂಡಿಬಿ ಓದೋದ್ರಲ್ಲಿ ಬಲು ಚುರುಕು, ಆದ್ರೆ ಮ್ಯಾಪ್ ಸೈಜ್, ಅಂದ್ರೆ ಡೇಟಾಬೇಸ್ ಎಷ್ಟು ದೊಡ್ಡದಾಗಬಹುದು ಅನ್ನೋ ಮಿತಿ, ಮೊದಲೇ ಹೇಳಬೇಕು. ಹೇಳದಿದ್ರೆ ಬರೀ 10 ಎಂಬಿ; ನಿಮ್ಮ ಲೆಕ್ಕಕ್ಕೆ ಮೊದಲ ದಿನವೇ ಮ್ಯಾಪ್ ಫುಲ್ ಎರರ್.

ಎಸ್‌ಕ್ಯೂಲೈಟ್ ಧಾರಾಳ ಸಾಕು. ಸೆಟ್ಟಿಂಗ್ ಹೀಗಿರಲಿ: ಜರ್ನಲ್ ಮೋಡ್ ವಾಲ್ (ಬದಲಾವಣೆ ಮೊದಲು ಪಕ್ಕದ ವಾಲ್ ಫೈಲಿಗೆ ಹೋಗುತ್ತೆ), ಬಿಜಿ ಟೈಮೌಟ್ 5000 (ಫೈಲಿಗೆ ಬೀಗ ಬಿದ್ದಿದ್ರೆ 5 ಸೆಕೆಂಡ್ ಕಾಯುತ್ತೆ), ಸಿಂಕ್ರೊನಸ್ ನಾರ್ಮಲ್. ರೀಡಿಂಗಿಗೊಂದು ಕಮಿಟ್ (ಬರೆದಿದ್ದನ್ನ ಖಾಯಂ ಮಾಡೋದು) ಬೇಡ, ಒಂದು ನಿಮಿಷದ 360 ಸಾಲು ಸೇರಿಸಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಿ.

ಹಳೇಡಿಸ್ಕ್:
ನಾರ್ಮಲ್ ಇಲ್ಲಿ ಬೇಡ ಮಾರಾಯ್ರೆ. ಫೈಲ್ ಕೆಡಲ್ಲ ನಿಜ, ಆದ್ರೆ ವಾಲ್‌ನಲ್ಲಿ ನಾರ್ಮಲ್ ಇಟ್ರೆ ಎಫ್‌ಸಿಂಕ್ (ಡೇಟಾ ನಿಜವಾಗಿ ಕಾರ್ಡಿಗೆ ಇಳಿಸೋದು) ಆಗೋದು ಚೆಕ್‌ಪಾಯಿಂಟ್ (ವಾಲ್‌ನಲ್ಲಿದ್ದದ್ದನ್ನ ಮುಖ್ಯ ಫೈಲಿಗೆ ಸೇರಿಸೋದು) ಹೊತ್ತಿಗೆ ಮಾತ್ರ, ಅದೂ ಸುಮಾರು 1000 ಪುಟ, ಅಂದ್ರೆ ಫೈಲಿನ 4 ಕೆಬಿ ತುಂಡು, ತುಂಬಿದ ಮೇಲೆ. ನಡುವೆ ಕರೆಂಟ್ ಹೋದ್ರೆ ಕಮಿಟ್ ಆಗಿದ್ದೂ ಹೋಗಬಹುದು. ನಿಮಿಷಕ್ಕೊಂದು ಕಮಿಟ್ ಅಂದ್ಮೇಲೆ, ಪ್ರತಿ ಕಮಿಟ್‌ಗೂ ಎಫ್‌ಸಿಂಕ್ ಮಾಡೋ ಸಿಂಕ್ರೊನಸ್ ಫುಲ್ ಏನು ಭಾರ?

ಅದಕ್ಕಿಂತ ದೊಡ್ಡ ವಿಷಯ ಪ್ರೈಮರಿ ಕೀ, ಅಂದ್ರೆ ಪ್ರತಿ ಸಾಲನ್ನ ಗುರುತಿಸೋ ಕಾಲಂಗಳು. ಮೀಟರ್ ಮೊದಲು, ಸಮಯ ಆಮೇಲೆ ಅಂತ ಇಡೋದು ಎಲ್ಲರ ರೂಢಿ. ಆಗ ಪ್ರತಿ ಕಮಿಟ್ 60 ಬೇರೆ ಬೇರೆ ಪುಟ ಮುಟ್ಟುತ್ತೆ. ಪುಟಕ್ಕೆ 4 ಕೆಬಿಯಂತೆ 240 ಕೆಬಿ, ದಿನಕ್ಕೆ ಸುಮಾರು 340 ಎಂಬಿ, ಚೆಕ್‌ಪಾಯಿಂಟ್‌ದು ಬೇರೆ. ಸಮಯ ಮೊದಲು, ಮೀಟರ್ ಆಮೇಲೆ ಇಟ್ಟು ಟೇಬಲ್‌ಗೆ ವಿದೌಟ್ ರೋಐಡಿ (ಸಾಲುಗಳನ್ನ ಪ್ರೈಮರಿ ಕೀ ಕ್ರಮದಲ್ಲೇ ಇಡೋ ಆಯ್ಕೆ) ಹಾಕಿದ್ರೆ ಹೊಸ ಸಾಲು ಕೊನೆಗೇ ಸೇರುತ್ತೆ, ಬರೆಯೋದು ಬೆರಳೆಣಿಕೆಯ ಪುಟ. ಎಸ್‌ಡಿ ಕಾರ್ಡ್ ಬಾಳಿಕೆ ಬರೋದು ಇದರಿಂದ.

ಮುಳಾಮುಠಾ:
ಒಂದೇ ಫ್ಲ್ಯಾಟಿನ ತಿಂಗಳ ಗ್ರಾಫ್ ಬೇಕಂದ್ರೆ ಆಗ ಎಲ್ಲರ ಸಾಲೂ ಓದಬೇಕಲ್ಲ?

ಹಳೇಡಿಸ್ಕ್:
ಹೌದು, ಒಂದೂವರೆ ಕೋಟಿ ಸಾಲು. ಅದಕ್ಕೇ ಗಂಟೆವಾರು ಮೊತ್ತದ ಟೇಬಲ್ ಬೇರೆ ಮಾಡಿ, ಅಲ್ಲಿ ಮೀಟರ್ ಮೊದಲು ಬರಲಿ. ತಿಂಗಳಿಗೆ ಮೀಟರಿಗೆ 720 ಸಾಲು, ಕಣ್ಣು ಮಿಟುಕಿಸೋದ್ರೊಳಗೆ ಬರುತ್ತೆ. ಲೀಟರ್ ಲೆಕ್ಕ ಪೂರ್ಣಾಂಕದಲ್ಲೇ ಇರಲಿ.

ಬೈಟುಕಾಫಿ:
ಒಪ್ಪಿದೆ, ನಾರ್ಮಲ್ ಮಾತು ವಾಪಸ್. ಬ್ಯಾಕಪ್‌ಗೆ ಡಿಬಿ ಫೈಲೊಂದನ್ನೇ ಕಾಪಿ ಹೊಡೀಬೇಡಿ, ವಾಲ್ ಫೈಲಲ್ಲಿ ಉಳಿದಿದ್ದು ತಪ್ಪಿಹೋಗುತ್ತೆ. ಪೂರ್ತಿ ಡೇಟಾಬೇಸನ್ನ ಹೊಸ ಫೈಲಿಗೆ ಬರೆಯೋ ವ್ಯಾಕ್ಯೂಮ್ ಇನ್‌ಟು ಕಮಾಂಡ್ ಬಳಸಿ. ನೆಟ್‌ವರ್ಕ್ ಡ್ರೈವ್ ಮೇಲಂತೂ ಇಡಲೇಬೇಡಿ, ವಾಲ್ ಅಲ್ಲಿ ನಡೆಯಲ್ಲ.